ನ್ಯೂಟ್ರಲ್‌ಗೆ ಹಾಕಿದ ರಿಲೇ

ಇಸಿಜಿ ಕೋಣೆಯ ಹೊರಗೆ, ನನ್ನ ಪಕ್ಕದ ಬೆಂಚಿನಲ್ಲಿ ಅಕ್ಕ-ತಮ್ಮ ಕುಳಿತಿದ್ದರು. ಅಕ್ಕ ಮೇಣದಬತ್ತಿ ಮಾಡುವವಳು, ತಮ್ಮ ಎಲೆಕ್ಟ್ರಿಷಿಯನ್. ಬ್ಯಾಂಡೇಜು ಅವಳ ಬಲಗೈಗಿತ್ತು, ಬಾಯಿಗಿರಲಿಲ್ಲ.

"ಮೇಣ ಕರಗಿಸೋ ಪಾತ್ರೇದು ರಿಲೇ ಸ್ವಿಚ್ಚಿನ ದೀಪ ಆರಿತ್ತು ಕಣೋ. ಆರಿದ ಮೇಲೇ ಹೀಟರ್ ತುದಿಗೆ ಒದ್ದೆ ಬಟ್ಟೆ ಹಾಕಿ ಒರೆಸಿದ್ದು. ನೀನೇ ತಾನೆ ಹಾಗೆ ಹೇಳ್ಕೊಟ್ಟಿದ್ದು? ಆದ್ರೂ ಶಾಕ್ ಹೊಡೀತಲ್ಲ."

"ಹೂಂ ಅಕ್ಕ. ಆದ್ರೆ ರಿಲೇ ಔಟ್‌ಪುಟ್ಟನ್ನ ನ್ಯೂಟ್ರಲ್ ವೈರಿಗೆ ಹಾಕ್ಬಿಟ್ಟಿದ್ದೀನಿ. ಫೇಸು ನೇರ ಹೀಟರಿಗೇ ಹೋಗಿದೆ."

"ನನಗೆ ಅರ್ಥ ಆಗೋ ಹಾಗೆ ಹೇಳು."

"ದೀಪ ಆರುತ್ತೆ, ಹೀಟರು ತಣ್ಣಗಾಗುತ್ತೆ. ಕರೆಂಟು ಮಾತ್ರ ಅಲ್ಲೇ ಕೂತಿರುತ್ತೆ."

"ಯಾರಿಗೆ ಕಾಯ್ಕೊಂಡು?"

ಅವನು ಅವಳ ಬ್ಯಾಂಡೇಜಿನ ಕಡೆ ಬೆರಳು ತೋರಿಸಿದ.

"ಎರಡನೇ ಪಾತ್ರೆಗೂ ಹೀಗೇ ಜೋಡ್ಸಿದ್ಯಾ?"

"ಎರಡೂ ಒಂದೇ ದಿನ ಮಾಡಿದ್ದಲ್ವಾ."

"ಅಯ್ಯೋ. 'ಇದು ಕೆಟ್ಟಿದೆ, ಆ ಪಾತ್ರೆ ಒರೆಸಿಡಿ' ಅಂತ ನಾನೇ ಅತ್ತೆಗೆ ಹೇಳಿ ಬಂದೆ."

"ಫೋನ್ ಮಾಡಕ್ಕ."

"ಅವರ ಫೋನೇ ನನ್ನ ಕೈಲಿರೋದು. ನಂದು ಮೇಣದೊಳಗೆ ಬಿತ್ತಲ್ಲ."

ನರ್ಸ್ ಬಂದು ಅಕ್ಕನ ಚೀಟಿ ನಂಬರು ಕೂಗುವಷ್ಟರಲ್ಲಿ ಇಬ್ಬರೂ ಮೆಟ್ಟಿಲಿಳಿಯುತ್ತಿದ್ದರು. ಎದೆ ತೋರಿಸಲು ಬಂದವಳೇ ಮುಂದೆ ಓಡುತ್ತಿದ್ದಳು.