ಸೂರಿನಾಚೆ ಹಚ್ಚಿದ ಲೈಟರು

…ಇಲ್ಲ ಕಣೋ ಎವರಿಸ್ತೊ, ಫಾತಿಮಾ ಮಾತೆ ಆಣೆಗೂ ನಡೆದಿದ್ದೇ ಹೇಳ್ತಿರೋದು. ಒಂದು ಮಾತು ಸುಳ್ಳಾದ್ರೂ ಈ ವೈನು ನನ್ನ ಗಂಟಲಲ್ಲೇ ನಿಲ್ಲಲಿ. ಸರ್ಕಾರ ಬಿತ್ತು ಅಂತ ಲಿಸ್ಬನ್ ರೇಡಿಯೊದಲ್ಲಿ ಬಂತಲ್ಲ, ಆವತ್ತು ಈ ಊರಲ್ಲಿ ಮೊದಲು ಬೀದಿಗಿಳಿದಿದ್ಯಾರು? ಈ ಬೆಲ್ಮಿರೊ. ಎಪ್ಪತ್ತು ದಾಟಿದ ಮುದುಕ. ಸೈನ್ಯದ ಟ್ರಕ್ಕು ಹತ್ತಿ ಆ ಹುಡುಗರ ಬಾಯಿಗೆ ನಾನೇ ವೈನು ಹುಯ್ದೆ. ಯಾಕ್ ನಗ್ತೀಯಾ? ದೊಮಿತಿಲಾನ ಕೇಳು ಬೇಕಾದ್ರೆ. ಏನಮ್ಮಾ ದೊಮಿತಿಲಾ, ಹೌದೋ ಅಲ್ವೋ? …ಲೋಟ ತೊಳೀತಿದಾಳೆ, ಕೇಳ್ಸಲ್ಲ. ವೈನಂಗಡಿ ಇಟ್ಕೊಂಡೋರಿಗೆ ಬೇಕಾದಾಗ ಕಿವಿ ಹೋಗುತ್ತೆ.

ತಿನ್ನು, ಆಲಿವ್ ತಿನ್ನು. ಮೆತ್ತಗಿರೋದೇ ತರ್ಸಿದೀನಿ. ಜೈಲಲ್ಲಿ ನಿನ್ನ ಹಲ್ಲು ಉದುರಿಸಿದ್ದು ಊರಿಗೆಲ್ಲಾ ಗೊತ್ತು. ಏಳು ವರ್ಷ… ಹೋದಾಗ ಎಂಥಾ ಆಳಿದ್ದೆ! ಕಾರ್ಕ್ ಮೂಟೆ ಒಂದೇ ಕೈಲಿ ಎತ್ತೋನು. ಈಗ ನೋಡು, ನಮ್ಮಿಬ್ರಲ್ಲಿ ಮುದುಕ ಯಾರು ಅಂತ ಹೊಸಬರಿಗೆ ಗೊತ್ತಾಗಲ್ಲ.

ಬೇಜಾರಾಗ್ಬೇಡ, ತಮಾಷೆ.

ನಿನ್ನೆ ಪೋಸ್ಟಾಫೀಸಿನ ಕುಸ್ತೋದಿಯೊಗೆ ಮಾಡಿದ್ದು ಕೇಳ್ದಾ? ಪೊಲೀಸರಿಗೆ ಚಾಡಿ ಹೇಳ್ತಿದ್ದ ಅಂತ ಎಳ್ಕೊಂಡು ಬಂದು, ಷರ್ಟು ಹರಿದು, ಚೌಕದ ಕಾರಂಜಿಗೆ ಎತ್ತಾಕಿದ್ರು. ನಾನೂ ಬಿಡ್ಲಿಲ್ಲ. ಅವನು ನೀರಿಂದ ಎದ್ದು, ನನ್ನ ಕಡೆ ಬೆರಳು ಮಾಡಿ ಏನೋ ಹೇಳಕ್ಕೆ ಬಾಯಿ ತೆಗೆದ. ಆ ಬಾಯಿಗೇ ಒದ್ದೆ. ಇನ್ನು ತಿಂಗಳುಗಟ್ಲೆ ಮಾತಾಡಲ್ಲ ಬಿಡು. ಜನ ಚಪ್ಪಾಳೆ ಹೊಡೆದ್ರು.

ಆದ್ರೂ ನೋಡು, ಜನಕ್ಕೆ ನಿಯತ್ತಿಲ್ಲ. ಬೆಳಗ್ಗೆ ಎದ್ರೆ ನನ್ನ ಬಾಗಿಲ ಮೇಲೆ ಯಾರೋ ಸುಣ್ಣದಲ್ಲಿ ಗೀಚಿದಾರೆ. ಮೊನ್ನೆ ಕುಸ್ತೋದಿಯೊ ಮನೆ ಮೇಲೂ ಅದೇ ಗುರುತಿತ್ತು. ಅದಕ್ಕೇ ನಿನ್ನ ಕರೆದಿದ್ದು. ಇನ್ನೇನು ಚೌಕದಲ್ಲಿ ನಿನ್ನ ಮೆರೆಸ್ತಾರೆ, ಆಗ್ಲೇ ಹೊರಗೆ ಜನ ಸೇರ್ತಿದಾರೆ. ನೀನು ಏನೂ ಭಾಷಣ ಮಾಡ್ಬೇಡ. ನನ್ನ ಹೆಗಲ ಮೇಲೆ ಕೈ ಹಾಕು, "ಬೆಲ್ಮಿರೊ ನಮ್ಮೋನು" ಅನ್ನು. ಅಷ್ಟೇ. ನೀನು ಅಂದ್ರೆ ಇವತ್ತು ಪಾದ್ರಿ ಮಾತಿಗಿಂತ ಹೆಚ್ಚು.

ಯಾಕೆ ಕೈ ಹಿಂದಕ್ಕೆ ಎಳ್ಕೊಂಡೆ? ಋಣ ಇಲ್ವೇನೋ ನಿಂಗೆ? ನಿಮ್ಮಮ್ಮನ ಶವಪೆಟ್ಟಿಗೆಗೆ ಹೆಗಲು ಕೊಟ್ಟೋನು ನಾನು. ಹಗುರಾಗಿತ್ತು… ಕೊನೇಲಿ ಏನೂ ತಿಂತಿರ್ಲಿಲ್ಲ. ಯಾರು ಬಾಗಿಲು ತಟ್ಟಿದ್ರೂ ಎವರಿಸ್ತೊ ಬಂದ ಅಂತಿದ್ಲು. ಒಂದ್ಸಲ ನಾನೇ ಹೂಂ ಕಣಮ್ಮಾ, ನಾನೇ ಅಂದ್ಬಿಟ್ಟೆ. ಎದ್ದು ಕೂತ್ಬಿಟ್ಲು ಪಾಪ. ನಗು ಬಂತು ನಂಗೆ.

ಆ ಲೈಟರು ಒಳಗಿಡೋ. ಬಿಡುಗಡೆ ಮಾಡೋವಾಗ ವಾಪಸ್ ಕೊಟ್ರಾ? ಹಚ್ಚೋದು ಆರ್ಸೋದು, ಹಚ್ಚೋದು ಆರ್ಸೋದು… ತಲೆನೋವು. ಈಗೇನು, ಎಲ್ಲಿ ಬೇಕಾದ್ರೂ ಹಚ್ಚು. ಆಗ ಅದಕ್ಕೂ ಲೈಸೆನ್ಸು. ಬೆಂಕಿಪೊಟ್ಟಣ ಖರ್ಚಾಗ್ಲಿ ಅಂತ ಮಾಡಿದ ಕಾನೂನು. ಆದ್ರೂ ನಿನ್ನಂಥ ಪೆದ್ದ ಇಲ್ಲ ಕಣೋ. ಲೈಸೆನ್ಸ್ ಇಲ್ದೋನು ಸೂರಿನ ಕೆಳಗೆ ಹಚ್ಬೇಕು. ತಲೆ ಮೇಲೆ ಹೆಂಚಿದ್ರೆ ಯಾವನೂ ಮುಟ್ಟಲ್ಲ, ಎಳೆ ಮಕ್ಕಳಿಗೂ ಗೊತ್ತಿತ್ತು. ನೀನು ಇದೇ ಬಾಗಿಲು ದಾಟಿ, ಆ ಕಲ್ಲುಬೆಂಚಿನ ಹತ್ರ ಹೋಗಿ, ಗಾಳಿಗೆ ಟೋಪಿ ಅಡ್ಡ ಹಿಡಿದು ಹಚ್ಚಿದೆ, ದೊರೆ ಥರ…

ಏನು?

ಯಾಕೆ ಹಂಗ್ ನೋಡ್ತೀಯಾ? ಊರೆಲ್ಲಾ ಹೇಳ್ತಿತ್ತಪ್ಪಾ. ನಾನೆಲ್ಲಿದ್ದೆ ಆವತ್ತು, ಸೆತೂಬಲ್‌ನಲ್ಲಿ ತಂಗಿ ಮಗಳ ಮದುವೆ… ಹೂಂ, ಊರೋರು ಅಂದಿದ್ದು ಮುಷ್ಕರದ ಕರಪತ್ರಕ್ಕೆ ಹಿಡಿದ್ರು ಅಂತ. ಸರಿ. ಲೈಟರ್ ವಿಷಯ… ಯಾರೋ ಒಬ್ರು ನೋಡಿರ್ತಾರೆ. ಮಧ್ಯಾಹ್ನದ ನಿದ್ದೆ ಹೊತ್ತಲ್ಲಿ ಬೀದಿ ಖಾಲಿ ಇತ್ತು ಅಂದ್ರೆ ಎಲ್ರೂ ಸತ್ತಿದ್ರಾ?

ಬೈಯೋದಾದ್ರೆ ಬೈಯಿ. ದೊಮಿತಿಲಾ, ನೀನ್ಯಾಕೆ ತೊಳೆಯೋದು ನಿಲ್ಸಿದೆ?

ಎಲ್ಲಿಗೆ ಹೊರಟೆ? ಕೂತ್ಕೋ. ಬಾಗಿಲು ತೆಗೀಬೇಡ… ಎವರಿಸ್ತೊ, ಹೊರಗೆ ಹೋಗ್ಬೇಡ, ಅವ್ರೆಲ್ಲಾ ನೋಡ್ತಾರೆ. ಅಲ್ಲೇ ಹೋಗಿ ನಿಂತ್ಯಾ? ಅದೇ ಬೆಂಚಿನ ಹತ್ರ? ಆರ್ಸೋ ಅದನ್ನ. ನನ್ ಕಡೆ ತಿರುಗಿ ಹಿಡೀಬೇಡ.

ಥೂ. ಹೂಂ, ಪೊಲೀಸ್ರಿಗೆ ಹೇಳ್ದೆ. ಹೇಳಿದ್ದು ಬರೀ ಲೈಟರ್ ವಿಷಯ. ಅಂಗಿ ಒಳಗಿದ್ದ ಕರಪತ್ರ ನಿಂದು, ನಂದಲ್ಲ. ಅದಿಲ್ದಿದ್ರೆ ನೀನು ನಾಲ್ಕು ಕಾಸು ಫೈನು ಕಟ್ಟಿ ಸಾಯಂಕಾಲಕ್ಕೆ ಮನೆಗ್ ಬರ್ತಿದ್ದೆ. ಜೇಬು ತುಂಬಾ ಕ್ರಾಂತಿ ತುಂಬ್ಕೊಂಡು ತಿರುಗು ಅಂತ ನಾನು ಹೇಳಿದ್ನಾ? ಬರ್ರೋ, ಎಲ್ರೂ ಒಳಗ್ ಬರ್ರೋ, ಬಾಗಿಲಲ್ಲಿ ನಿಂತು ಏನ್ ಗುರಾಯಿಸ್ತೀರಾ? ನಾನೇನು ಇವನ್ನ ಮಾರಿ ಬಂಗಲೆ ಕಟ್ಟಿದೀನಾ? ಫೈನಲ್ಲಿ ಹೇಳಿದವನಿಗೊಂದು ಪಾಲು, ಅದು ಕಾನೂನು. ಗುಪ್ತ ಪೊಲೀಸ್ರು ಇವನ್ನ ಹೊತ್ಕೊಂಡು ಹೋದ್ರು, ಫೈನೇ ಹಾಕ್ಲಿಲ್ಲ. ಪಾಲು ಕೇಳಕ್ಕೆ ಆಫೀಸಿಗೆ ಅಲೆದೂ ಅಲೆದೂ ನನ್ನ ಬೂಟು ಸವೀತು. ಇವನ ಏಳು ವರ್ಷಕ್ಕೆ ಎಲ್ರೂ ಅಳ್ತೀರಾ, ನನ್ನದು ಕೇಳೋರು ಒಬ್ರಾದ್ರೂ ಇದೀರಾ? ಹೋಯ್ತಲ್ಲ ನಂದೂ ದುಡ್ಡು, ಮೂವತ್ತೇಳೂವರೆ ಎಸ್ಕುದೊ.