ಉಣ್ಣೆ ಕೋಟಿಗೆ ಬಿಸಿನೀರು ಮುಟ್ಟಿಸಬಾರದು

...ಅಯ್ಯೋ, ಬಿಸಿನೀರು ಬೇಡ್ವೇ! ಗೀಸರ್ ಆರಿಸು, ಆರಿಸು ಮೊದಲು. ಬಿಸಿ ತಾಗಿದ್ರೆ ರಕ್ತ ಬಟ್ಟೆಗೆ ಬೆಂದು ಕೂತುಬಿಡುತ್ತೆ, ಆಮೇಲೆ ಈ ಜನ್ಮದಲ್ಲಿ ಬಿಡಲ್ಲ. ತಣ್ಣೀರು. ಆ ಟಬ್ ಇತ್ತ ತಳ್ಳು... ಬೇಡ ಬಿಡು, ನಿನ್ನ ಕೈ ಮೇಲೇಳ್ತಿಲ್ಲ, ನಾನೇ ಎಳ್ಕೋತೀನಿ. ನೀನು ಆ ಬಕೆಟ್ ಬೋರಲು ಹಾಕ್ಕೊಂಡು ಕೂತ್ಕೋ. ನೋಡಿ ಕಲಿ.

ಯಾಕೇ ನಗ್ತೀಯಾ?

ಓ... ನಗ್ತಿಲ್ಲ. ತುಟಿ ಒಡೆದು ಒಂದು ಕಡೆ ಎಳ್ಕೊಂಡಿದೆ, ಅದಕ್ಕೆ ಹಾಗೆ ಕಾಣುತ್ತೆ. ನನ್ನ ಕಣ್ಣಿಗಿಷ್ಟು ಮಣ್ಣು ಹಾಕ!

ಕೋಟಿನೊಳಗಿನ ಆ ಪಟ್ಟಿ ತೋರಿಸ್ಬೇಡ ನನಗೆ. ‘ಡ್ರೈಕ್ಲೀನ್ ಮಾತ್ರ’ ಅಂತ ಬರೆದಿದೆ, ಗೊತ್ತು. ನಿನ್ನ ಮಾವ ಇಪ್ಪತ್ತಾರು ವರ್ಷ ಡ್ರೈಕ್ಲೀನಿಂಗ್ ಅಂಗಡಿ ನಡೆಸಿದೋರು. ಕೌಂಟರಲ್ಲಿ ಕೂತು ಕೋಟಿಗೆ ಚೀಟಿ ಚುಚ್ಚಿದವಳು ನಾನು! ಉಣ್ಣೆನ ಮನೇಲಿ ಒಗೀಬಾರದು ಅಂತೇನಿಲ್ಲ ಕಣೆ. ಉಜ್ಜಬಾರದು, ಹಿಂಡಬಾರದು, ಅಷ್ಟೇ. ಹೀಗೆ... ಅಂಗೈಯಲ್ಲಿ ಒತ್ತಬೇಕು. ಮಗುವಿನ ತಲೆ ಒತ್ತಿದ ಹಾಗೆ. ನೋಡು, ಹೇಗೆ ಬಿಡ್ತಿದೆ ಕೆಂಪು! ನೀರು ಚೆಲ್ಲು, ಮತ್ತೆ ಹಾಕು. ಮೂರು ಸಲ, ನಾಲ್ಕು ಸಲ. ಆಮೇಲೆ ದಪ್ಪ ಟವೆಲಲ್ಲಿ ಸುತ್ತಿ, ಚಪ್ಪಟೆಯಾಗಿ ಹರವಬೇಕು. ನೇತುಹಾಕಿದ್ಯೋ, ತೋಳು ಮಂಡಿಗೆ ಬರುತ್ತೆ.

ಅಂಗಡಿಗಾ? ಹುಚ್ಚಾ ನಿನಗೆ? ಅಲ್ಲಿ ಈಗ ಮೂಗಣ್ಣ ಕೂತಿದ್ದಾನೆ, ನಿನ್ನ ಮಾವನ ಹತ್ರ ಕೆಲಸ ಕಲಿತವನು. ಕಲೆ ಮೂಸಿ ನೋಡಿ, ಇದು ಟೊಮೆಟೊ, ಇದು ಲಿಪ್‌ಸ್ಟಿಕ್ಕು, ಇದು ಮೂಗಿನ ರಕ್ತ ಅಂತ ಹೇಳಿಬಿಡ್ತಾನೆ. ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ.

ಏನು ಹಾಗೆ ನೋಡ್ತೀಯಾ? ನಿನ್ನ ಕೈಚೀಲ ತೆಗೆದು ನೋಡಿದ್ದು ತಪ್ಪೇ. ಒಪ್ಕೋತೀನಿ. ಆದ್ರೆ ರಕ್ತದ ಕೋಟನ್ನ ಪ್ಲಾಸ್ಟಿಕ್ ಕವರಲ್ಲಿ ಮಡಚಿ, ಗಂಟು ಹಾಕಿ, ಚೀಲದ ತಳಕ್ಕೆ ತುರುಕಿ... ಯಾರಿಗೆ ತೋರಿಸೋಕೆ ಹೊರಟಿದ್ದೆ? ಸ್ಟೇಷನ್ನಿಗಾ? ಹೋಗಿ ಏನಂತೀಯಾ? ಕೈಹಿಡಿದ ಗಂಡ ಹೊಡೆದ ಅಂತಾನಾ? ನನ್ನ ಮಗ ಕೆಟ್ಟವನಲ್ಲ ಕಣೆ. ಕೋಪ ಬಂದ್ರೆ ಕಣ್ಣು ಕಾಣಲ್ಲ ಅಷ್ಟೇ. ನಿನ್ನದೂ ಎಂಥ ಕೆಲಸ ಹೇಳು... ಈ ಕೋಟು ಹಾಕ್ಕೊಂಡು ಹೋಟೆಲಿನ ಬಾಗಿಲಲ್ಲಿ ನಿಂತು ಬಂದೋರಿಗೆಲ್ಲ ನಗೋದು! ‘ಯಾರಿಗೆ ನಕ್ಕು ಬಂದೆ ಇವತ್ತು? ಯಾರಿಗೆ?’ ಅಂತ ಅಷ್ಟು ಸಲ ಕೇಳಿದನಲ್ಲ, ಯಾರಿಗೂ ಇಲ್ಲ ಅಂದುಬಿಟ್ಟಿದ್ರೆ ಮುಗೀತಿತ್ತು. ಅದು ಬಿಟ್ಟು ‘ಎಲ್ಲರಿಗೂ’ ಅಂದೆ.

ಇಲ್ಲಪ್ಪ, ನನಗೆ ಹೇಗೆ ಕೇಳಿಸುತ್ತೆ? ನಾನು ಅಡುಗೆಮನೇಲಿದ್ದೆ. ಮಿಕ್ಸಿ ಹಾಕಿದ್ದೆ. ಅವನೇ ಹೇಳಿದ, ಬೆಳಿಗ್ಗೆ, ಕೆಲಸಕ್ಕೆ ಹೋಗೋ ಮುಂಚೆ ಕಾಫಿ ಕುಡೀತಾ.

ಇಲ್ಲಿ ನೋಡು, ಕಾಲರ್ ಕೆಳಗೆ. ತೂತು! ನನ್ನ ಕಿರುಬೆರಳು ಹೋಗುತ್ತೆ. ಹ್ಯಾಂಗರಿನ ಕೊಕ್ಕೆ ಹೊಕ್ಕಿದ್ದು ಇಲ್ಲೇ. ದಪ್ಪ ಮರದ ಹ್ಯಾಂಗರು, ಎರಡು ತುಂಡಾಗಿದೆ ಅಂದ್ರೆ ಎಂಥಾ ಏಟಿರಬೇಕು! ಮೊದಲು ಬರೀ ಕೈ. ಆಮೇಲೆ ಹ್ಯಾಂಗರು. ಅದು ಮುರಿದ ಮೇಲೆ ಜುಟ್ಟು ಹಿಡಿದು ಬೀರುವಿಗೆ... ಧಡ್, ಧಡ್. ತಗಡಿನ ಬೀರು ನೋಡು, ಮನೆಯೆಲ್ಲ ನಡುಗುತ್ತೆ. ಅಡುಗೆಮನೆ ಸ್ಟ್ಯಾಂಡಿನ ತಟ್ಟೆಗಳು ಕೂಡ...

ಹೇಳಿದೆನಲ್ಲ, ಅವನೇ ಹೇಳಿದ!

ಬೈಯಿ ಬೇಕಾದ್ರೆ. ಮುದುಕಿ ಅನ್ನು, ಕಿವುಡಿ ಅನ್ನು. ಬಂದು ಬಿಡಿಸಲಿಲ್ಲ ಅಂತ ತಾನೇ ನಿನ್ನ ಕೋಪ? ನಾನು ಬಂದು ಏನು ಮಾಡ್ಲಿ, ಅರವತ್ಮೂರು ವರ್ಷದವಳು? ಅದೂ ಅಲ್ಲದೆ ನೀನು ನನ್ನ ಕರೆಯಲೂ ಇಲ್ಲ. ಅತ್ತೆ ಅಂತ ಒಂದು ಸಲ ಕೂಗಿದ್ರೆ ಬರ್ತಿರಲಿಲ್ವಾ? ನೀನು ಅತ್ತೆ ಅನ್ನಲೇ ಇಲ್ಲ, ಬಾಗಿಲು ಬಡಿದು ಬಡಿದು ‘ಅಮ್ಮಾ, ಅಮ್ಮಾ’ ಅಂತಿದ್ದೆ. ನಾನು... ನಿನ್ನ ಹೆತ್ತ ತಾಯಿನ ಕರೀತಿದ್ದಾಳೆ ಅಂದ್ಕೊಂಡೆ.

...

ಕೋಟು ಬಿಡು. ಎಳೀಬೇಡ, ಒದ್ದೆ ಉಣ್ಣೆ ಹರಿಯುತ್ತೆ. ಬಿಡೇ!

ಸರಿ. ತಗೋ. ನೀರು ಸೋರ್ತಿರೋದನ್ನ ಹಾಗೇ ಎದೆಗೆ ಅವಚ್ಕೊಂಡು... ಥಂಡಿ ಆಗುತ್ತೆ. ಕೂತ್ಕೋ. ಯಾಕೆ ನನ್ನ ಕೈ ನೋಡ್ತೀಯಾ?

ನಿಮ್ಮ ರೂಮಿನ ಬಾಗಿಲು ಹಳೇದು. ಒಂದೊಂದು ಸಲ ತಾನಾಗೇ ಬಿಗಿಯುತ್ತೆ...

ಇಲ್ಲ. ಬಿಗಿಯಲ್ಲ.

ಹೂಂ ಕಣೆ. ನಾನೇ. ಹೊರಗಡೆಯಿಂದ ಚಿಲಕ ಹಾಕಿದೆ. ನೀನು ಬಾಗಿಲಿಗೆ ಓಡಿ ಬರೋ ಸದ್ದು ಕೇಳಿಸ್ತು, ಹಾಕಿಬಿಟ್ಟೆ. ಹಾಕಿ ಅಲ್ಲೇ ನಿಂತಿದ್ದೆ, ಬಾಗಿಲಿಗೆ ಬೆನ್ನು ಕೊಟ್ಟು. ನಿನ್ನ ಏಟೆಲ್ಲ ಹಲಗೆ ದಾಟಿ ನನ್ನ ಬೆನ್ನಿಗೆ ಬೀಳ್ತಿತ್ತು. ನೀನು ಬೀದಿಗೆ ಓಡಿದ್ರೆ ನಾಲ್ಕು ಜನ ನೋಡ್ತಾರೆ, ಮಾನ ಹೋಗುತ್ತೆ ಅಂತ... ಹಾಗಂತ ನನಗೆ ನಾನೇ ಹೇಳ್ಕೊಂಡೆ.

ಹಾಗೆ ನೋಡ್ಬೇಡ್ವೇ. ಮಾನ ಅಲ್ಲ, ಹೌದು, ಮಾನ ಅಲ್ಲ! ಏನು ಹೇಳ್ಬೇಕು ನಾನು? ಉಣ್ಣೆಯಿಂದ ರಕ್ತ ತೆಗೆಯೋದನ್ನ ಯಾವ ಅಂಗಡಿಯಲ್ಲೂ ಕಲೀಲಿಲ್ಲ ನಾನು. ನಿನ್ನ ಮಾವ ದೇವರಂಥೋರು, ನನ್ನ ಮೇಲೆ ಕೈ ಎತ್ತಿದೋರಲ್ಲ. ಅವರು ಹೋದ ಮೇಲೆ, ನಿಮ್ಮ ಮದುವೆಗೆ ಮುಂಚೆ, ನಾಲ್ಕು ವರ್ಷ... ಈ ಮನೇಲಿ ನಾನು, ಅವನು, ಇಬ್ಬರೇ. ನನ್ನ ಈ ಮುಂದಿನ ಹಲ್ಲು ಬಿದ್ದಿದ್ದು ಮೆಟ್ಟಿಲು ಜಾರಿ ಅಂದಿದ್ದೆನಲ್ಲ ನಿನಗೆ? ಈ ಮನೇಲಿ ಮೆಟ್ಟಿಲು ಎಲ್ಲಿದೆ?

ನೀನು ಈಚೆ ಬಂದ್ರೆ ಅವನೂ ಬರ್ತಾನೆ. ಈಚೆ ನಾನಿರ್ತೀನಿ. ಅಷ್ಟೇ ಕಣೆ, ಅಷ್ಟೇ. ನಿನ್ನ ತಂದ್ಕೊಂಡ ದಿನದಿಂದ ಅವನು ನನ್ನ ಮುಟ್ಟಿಲ್ಲ... ಒಂದು ಸಲಾನೂ ಮುಟ್ಟಿಲ್ಲ.