ಹಾಲಿಲ್ಲದ ಟೀ, ಹಾಸನದ ಬಸ್ಸು

...ಒಬ್ಳೇ ಮಕ್ಕಳ್ನ ಸಾಕೋದು ನಿನ್ ಕೈಲಾಗಲ್ಲ ಕಣಮ್ಮಿ ಅಂದಿದ್ದು ಬೇರೆ ಯಾರೂ ಅಲ್ಲ, ನನ್ ಒಡಹುಟ್ಟಿದ ಅಣ್ಣ, ಮಲ್ಲಿಪಟ್ಟಣದೋನು. ನಿಮ್ ತಾತ ಹೋಗಿ ವರ್ಷ ಆಗಿರ್ಲಿಲ್ಲ. ಹಳ್ಳಿಮೈಸೂರಲ್ಲಿ ದಿನಸಿ ಅಂಗಡೀಲಿ ಪೊಟ್ಟಣ ಕಟ್ತಿದ್ದೆ, ಆ ಪೇಪರ್ ನೋಡ್ಕೊಂಡೇ ಓದೋದು ಕಲ್ತೆ. ನಿಮ್ಮತ್ತೆ ಸವಿತ ಆಗ ಎರಡನೇ ಕ್ಲಾಸು, ಅಲ್ಲಲ್ಲ, ಮೂರು. ತಲಸ್ಸೇಮಿಯಾ ಅಂತಾರಲ್ಲ, ಹುಟ್ಟಿನಿಂದ್ಲೇ ಬರೋದು, ಮೈಯಲ್ಲಿ ಸರಿಯಾಗಿ ರಕ್ತ ಆಗಾಕಿಲ್ಲ. ತಿಂಗಳು ತಿಂಗಳು ಹಾಸನಕ್ಕೆ ಕರ್ಕೊಂಡೋಗಿ ರಕ್ತ ಹಾಕಿಸ್ಬೇಕು. ನಮ್ ಕಡೆ ಗೊತ್ತಲ್ಲ, ರಕ್ತ ಕಮ್ಮಿ ಅಂದ್ರೆ ನುಗ್ಗೆಸೊಪ್ಪು. ಅಣ್ಣ ಕಬ್ಬಿಣದ ಬಾಂಡ್ಲಿನೇ ತಂದ್ಕೊಟ್ಟ, ಅದ್ರಲ್ಲೇ ಬೇಯ್ಸಿ, ಬೆಲ್ಲ ಹಾಕಿ ತಿನ್ನಿಸಿದ್ದೇ ತಿನ್ನಿಸಿದ್ದು. ಮಗು ಕಪ್ಪಾಗ್ತಾ ಬಂತು, ಹೊಟ್ಟೆ ಊದ್ತು. ಡಾಕ್ಟ್ರು ಕೇಳಿದ್ರು, "ಏನಮ್ಮ ತಿನ್ನಿಸ್ತಿದ್ದೀರಾ?" ಹೇಳ್ದೆ. "ಹಾಕೋ ರಕ್ತದಲ್ಲೇ ಕಬ್ಬಿಣ ಇರುತ್ತೆ. ಅದು ಹೊರಗೆ ಹೋಗದೆ ಹೃದಯದಲ್ಲಿ, ಲಿವರ್‌ನಲ್ಲಿ ಕೂತಿದೆ. ಮೇಲೆ ನೀವೂ ತುಂಬ್ತಿದ್ದೀರಲ್ಲ!" ಕಬ್ಬಿಣ ಇಳಿಸೋ ಮಾತ್ರೆ ಕೊಟ್ರು. "ಊಟದ ಜೊತೆ ಹಾಲಿಲ್ಲದ ಟೀ ಕೊಡಿ. ಅದರ ಒಗರು ಊಟದಲ್ಲಿರೋ ಕಬ್ಬಿಣ ಮೈಗೆ ಹತ್ತದ ಹಾಗೆ ಸ್ವಲ್ಪ ತಡೆಯುತ್ತೆ. ಆದ್ರೆ ಅದು ಬರೀ ಒತ್ತಾಸೆ. ರಕ್ತ, ಮಾತ್ರೆ ಬಿಡೋ ಹಾಗಿಲ್ಲ."

ಅಣ್ಣ ಕೇಳಿ ಉರ್ಕೊಂಡ. "ರಕ್ತ ಇಲ್ದಿರೋ ಮಗೀಗೆ ಸೊಪ್ಪು ಬ್ಯಾಡ, ಟೀ ಕುಡ್ಸು ಅಂದ್ನಾ? ಯಾರ್ಯಾರ್ದೋ ರಕ್ತ ಹಾಕ್ಸಿ ಕಪ್ಪು ಮಾಡಿದ್ದೀಯ, ಸಾಕು ನಿಲ್ಸು!" ಮುಂದಿನ ಸಲ ಹೊರಟಾಗ ಬಸ್ ಸ್ಟಾಪಿಗೇ ಬಂದ್ಬುಟ್ಟ. ಸವಿತನ ಒಂದು ಕೈ ಅವ್ನು ಹಿಡ್ದವ್ನೆ, ಒಂದು ನಾನು. ತುಟಿ ಬೆಳ್ಳಗಾಗೈತೆ ಮಗೀಂದು, ನಿಲ್ಲಾಕೆ ತ್ರಾಣ ಇಲ್ಲ. ಬಸ್ಸು ಹಾರನ್ ಹೊಡೀತೈತೆ. ಕಂಡಕ್ಟ್ರು, "ಹತ್ತೀಯೋ ಬಿಡ್ತೀಯೋ ಅಕ್ಕ?" ಅಂತ ಕೂಗ್ತಾನೆ. ಅಣ್ಣ ಅಂದ, "ಹತ್ತಿದ್ರೆ ನನ್ ಹೊಸಿಲು ತುಳೀಬ್ಯಾಡ." "ಅವ್ವಾ, ಕೈ ನೋಯ್ತದೆ" ಅಂತು ಮಗು. "ಅದ್ರ ಕೈ ಬಿಡೋ ಅಣ್ಣ" ಅಂದೆ. ಬಿಟ್ಟ. ಹತ್ತಿದ್ವಿ. ತಿರುಗಿ ನೋಡ್ಲಿಲ್ಲ ನಾನು, ನೋಡಿದ್ರೆ ಇಳೀತಿದ್ನೋ ಏನೋ.

ಮಗೀಗೆ ಏನೇ ತಿನ್ನಿಸೋಕ್ ಮುಂಚೆ ತಿಳ್ದೋರ್ನ ಕೇಳಿ ತಿನ್ನಿಸ್ರಲಾ, ಅಷ್ಟೇ. ಈಗ ಹೊಳೆನರಸೀಪುರದಲ್ಲಿ ನನ್ ಹೆಸರಲ್ಲೇ ಮನೆ ಐತೆ, ರಾಗಿ ಮಿಲ್ಲೈತೆ. ಸವಿತ ಅರಕಲಗೂಡಲ್ಲಿ ಟೀಚರ್ ಆಗವ್ಳೆ, ಇವತ್ತಿಗೂ ರಕ್ತ ಹಾಕಿಸ್ಕೊಂಡು, ಮಾತ್ರೆ ನುಂಗ್ಕೊಂಡು. ಅಣ್ಣ ತೀರ್ಕೊಂಡಾಗ ಅವನ್ ಮನೆ ಅಂಗಳದಲ್ಲೇ ನಿಂತು ಮುಖ ನೋಡ್ಕೊಂಡು ಬಂದೆ, ಒಳಕ್ಕೆ ಬಾ ಅನ್ನೋರು ಒಬ್ರೂ ಇರ್ಲಿಲ್ಲ ಕಣ್ರಲಾ.